ನಾಯಿಗೆ ಅಂತ

ಸಂಬಳದ ದಿನ ಅಮ್ಮ ನಡೆಯುತ್ತಿರಲಿಲ್ಲ, ಓಡುತ್ತಿದ್ದಳು.
ರೊಸಾರಿಯೋದಲ್ಲಿ ಆ ವರ್ಷ ಬೆಲೆಗಳಿಗೆ ಕಾಲು ಮೂಡಿತ್ತು;
ಮಧ್ಯಾಹ್ನ ನಮ್ಮದಾಗಬಹುದಾದ ಎಣ್ಣೆ
ಸಂಜೆಗೆ ಬೇರೆಯವರ ಎಣ್ಣೆ.
ತೊಬಿಯಾಸ್ ಅಕ್ಕಿಯ ಕಡೆ, ನಾನು ಹಿಟ್ಟಿನ ಕಡೆ,
ಪುಟ್ಟ ಎಲ್ವಿರಾ ತಳ್ಳುಗಾಡಿಯೊಳಗೆ ಕೂತು
ಬೆರಳು ಮಡಿಚಿ ಲೆಕ್ಕ ಕೂಡುವವಳು.
ಚಿಲ್ಲರೆಯ ಲೆಕ್ಕ ಅವಳಿಗೆ ಯಾರೂ ಕಲಿಸಲಿಲ್ಲ.
ಚಿಲ್ಲರೆ ಆಗಲೇ ಅಜ್ಜಿ ಕಾಲದ ಮಾತು.

ಹಾಸಿಗೆ ಇದ್ದಷ್ಟೇ ಕಾಲು ಚಾಚು. ಸರಿ, ಚಾಚೋಣ.
ಬೆಳಗ್ಗೆ ಎದ್ದರೆ ಹಾಸಿಗೆಯೇ ಗೇಣುದ್ದ ಕುಗ್ಗಿದ್ದರೆ?

ಡಾನ್ ಎವಾರಿಸ್ತೊ ಅಂಗಡಿಯ ಟೊಮೆಟೊ ಡಬ್ಬಿಗೆ
ಬೆಲೆಚೀಟಿಯ ಮೇಲೆ ಬೆಲೆಚೀಟಿ,
ದಪ್ಪಗೆ, ಮೊಣಕಾಲಿನ ಹಕ್ಕಳೆಯ ಹಾಗೆ.
ಉಗುರಿನಿಂದ ಕೆರೆದೆ. ಒಂಬತ್ತು ಪದರ.
ತಳದಲ್ಲಿ ಒಂದು ಸಣ್ಣ ಸಂಖ್ಯೆ, ನಾಚಿಕೊಂಡು ಕೂತಿತ್ತು.
"ಈ ಬೆಲೆಗೆ ಕೊಡ್ತೀರಾ?"
"ಆ ಬೆಲೆಗೆ ಚೀಟಿ ಮಾತ್ರ ಬರುತ್ತೆ, ಮಗಳೇ."
ಚೀಟಿಯನ್ನೇ ತಂದೆ.

ಅಪ್ಪ ದಕ್ಷಿಣದ ಕಡಲಲ್ಲಿ, ಮೀನಿನ ಹಡಗಿನ ಮೇಲೆ.
ಅವನು ಕಳಿಸಿದ ಹಣ ಮನೆ ಮುಟ್ಟುವಷ್ಟರಲ್ಲಿ
ಬಿಸಿನೀರಲ್ಲಿ ಒಗೆದ ಉಣ್ಣೆಯಂಗಿ.
ಆದರೂ ಅದನ್ನೇ ಎಳೆದೆಳೆದು ನಾಲ್ವರಿಗೆ ಹೊದಿಸಬೇಕು.
ಕಿಟಕಿಯಲ್ಲಿ ಮಾಟೆ ಎಲೆ ಒಣಗುತ್ತಿತ್ತು, ಎರಡನೇ ಜನ್ಮಕ್ಕೆ.
ರಾತ್ರಿ ಎಂಟರ ನಂತರದ ಅರ್ಧ ಬೆಲೆಯ ಬ್ರೆಡ್ಡು
ಒಣಗಿ, ಪುಡಿಯಾಗಿ, ಬದನೆ ಹೋಳಿಗೆ ಕೋಟು ತೊಡಿಸುತ್ತಿತ್ತು.
ಮಾಂಸ ಎಂದು ಬಡಿಸಿದರೆ ತೊಬಿಯಾಸ್ ನಂಬುತ್ತಿದ್ದ.
ನಂಬುತ್ತಿದ್ದನೋ, ನಂಬಿದ ಹಾಗಿರುತ್ತಿದ್ದನೋ,
ಈಗಲೂ ನಾನು ಕೇಳಿಲ್ಲ.

ಶುಕ್ರವಾರ, ಒಸ್ವಾಲ್ದೊನ ಮಾಂಸದಂಗಡಿ.
"ಮೂಳೆ ಇದ್ದರೆ ಕೊಡಪ್ಪ," ಅಮ್ಮ ದನಿ ಹಗುರ ಮಾಡಿ,
"ನಾಯಿಗೆ ಅಂತ."
ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ.
"ಹೆಸರೇನು?"
ಅಮ್ಮ ಒಂದು ಉಸಿರು ತಡೆದು, "ಸುಲ್ತಾನ."

ಆ ಸುಲ್ತಾನ ಎರಡು ವರ್ಷ ಬದುಕಿದ.
ಕುಂಬಳಕಾಯಿಯ ಜೊತೆ ಮೂರು ಗಂಟೆ ಕುದಿದ.
ಮೊದಲ ದಿನ ಸಾರು, ಮರುದಿನ ಅದೇ ಸಾರಿಗೆ ಅಕ್ಕಿ,
ಮೂರನೇ ದಿನ ನೀರಿಗೆ ನೆನಪು.
"ಸುಲ್ತಾನ ಹೇಗಿದ್ದಾನೆ, ಸೆನ್ಯೋರಾ ನೆಲಿದಾ?"
"ಚೆನ್ನಾಗಿ ತಿನ್ನುತ್ತಾನೆ."
ಮಜ್ಜೆಯನ್ನು ತಟ್ಟಿ ತಟ್ಟಿ ಚಮಚಕ್ಕಿಳಿಸಿ
ಎಲ್ವಿರಾಳ ಬಾಯಿಗಿಡುವಾಗ ಅಮ್ಮ
"ಸುಲ್ತಾನ, ಬಾಯಿ ತೆರಿ" ಎನ್ನುತ್ತಿದ್ದಳು.
ನಾವು ಬೊಗಳುತ್ತಿದ್ದೆವು. ನಗು ಬರುತ್ತಿತ್ತು.

ಎಲ್ವಿರಾ ಮಾತ್ರ ನಗಲಿಲ್ಲ.
ಅವಳು ಕಾಯುತ್ತಿದ್ದಳಂತೆ.
ಚೀಪಿದ ಮೂಳೆಯೊಂದನ್ನು ದಿನವೂ
ಹಿತ್ತಿಲ ಬಾಗಿಲಾಚೆ ಇಟ್ಟು ಬರುತ್ತಿದ್ದಳಂತೆ.

ಬಂದ.
ಒಂದು ಕಿವಿ ಹರಿದ, ಬೂದಿ ಬಣ್ಣದ ಸುಲ್ತಾನ;
ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು,
ಎಲ್ವಿರಾ ಎಣಿಸಿಯೂ ಬಿಟ್ಟಿದ್ದಳು.
ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.
"ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಬಾಯಿ," ಎಂದಳು.
ಓಡಿಸಲಿಲ್ಲ.
ಆ ರಾತ್ರಿ ಸಾರಿಗೆ ಒಂದು ಲೋಟ ನೀರು ಹೆಚ್ಚು.

ಮುಂದಿನ ಶುಕ್ರವಾರ ಅವನೂ ನಮ್ಮ ಹಿಂದೆಯೇ ಬಂದು
ಅಂಗಡಿಯ ಮೆಟ್ಟಿಲಲ್ಲಿ ಕೂತ.
"ಮೂಳೆ," ಎಂದಳು ಅಮ್ಮ. "ನಾಯಿಗೆ."
ಮೊದಲ ಸಲ ನಿಜ ಹೇಳುತ್ತಿದ್ದಳು, ಅದಕ್ಕೇ ದನಿ ನಡುಗಿತು.

ಒಸ್ವಾಲ್ದೊ ಕಟ್ಟೆಯ ಮೇಲಿಂದ ಬಾಗಿ ನೋಡಿದ.
"ಇವನೇನಾ ಸುಲ್ತಾನ?"
"ಇವನೇ."
"ಎರಡು ವರ್ಷ ಕೊಟ್ಟಿದ್ದೇನೆ, ಸೆನ್ಯೋರಾ.
ಎಲ್ಲಿ ಹೋಯಿತು ಅಷ್ಟೂ?"

ಅಮ್ಮ ನೆಲ ನೋಡಿದಳು.
ಒಸ್ವಾಲ್ದೊ ನಮ್ಮನ್ನು ನೋಡಿದ:
ತೊಬಿಯಾಸನ ಎತ್ತರ, ನನ್ನ ತೋಳು,
ಗಾಡಿಯಲ್ಲಿ ಹಿಡಿಸದಷ್ಟು ಬೆಳೆದ ಎಲ್ವಿರಾ.
ನಿಧಾನವಾಗಿ ನೋಡಿದ,
ತನ್ನ ತಕ್ಕಡಿ ಸರಿ ಇದೆಯೇ ಎಂದು ನೋಡುವವನಂತೆ.

ಆಮೇಲೆ ಕತ್ತಿ ಎತ್ತಿಕೊಂಡ.
ಕಡಿದ. ಕಾಗದದಲ್ಲಿ ಸುತ್ತಿದ.
ಆ ದಿನ ತೂಗಲಿಲ್ಲ.