ಮಷೀನಿನ ಬುಡದ ಸಣ್ಣ ಬಾಗಿಲು

ಭಾಗವ್ವನ ಬಲಗೈ ಮುರಿದು ಇಂದಿಗೆ ಹನ್ನೆರಡು ದಿನ.
ಪ್ಲಾಸ್ಟರಿನ ಮ್ಯಾಲೆ ಎದುರುಮನಿ ಹುಡುಗಿ ಬರೆದ ನವಿಲು
ಆಗಲೇ ಅರ್ಧ ಮಾಸೇದ.
ಹಿತ್ತಲ ಕಟ್ಟಿಮ್ಯಾಲೆ ಕುಂತು
ಎಡಗೈಯ ಒಂದs ಬೆರಳಿಲೆ ಆಳತಾಳ ನನ್ನ:
"ಮೊದಲ ವಾಯರ್ ಕೀಳ್ರಿ.
ನಳ ಬಂದ್ ಮಾಡ್ರಿ.
ಕೆಳಗ ಪರಾತ ಇಡ್ರಿ. ಪರಾತ!
ಅದು ಬುಟ್ಟಿ."

ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದಾಂವ ನಾನು.
ಇಂಡಿ ಗಾಡಿ, ಸಿಂದಗಿ ಗಾಡಿ,
ಐವತ್ತು ಸೀಟಿಗೆ ತೊಂಬತ್ತು ಮಂದಿ ತುಂಬಿ
"ಹಿಂದ ಸರೀರಿ, ಹಿಂದ ಜಾಗ ಐತಿ" ಅಂದಾಂವ.
ಈಗ ಈ ಬಿಳಿ ಪೆಟ್ಟಿಗಿ ಮುಂದ ಮೊಣಕಾಲೂರಿ
ಬಾಗಿಲು ಎಲ್ಲೈತಿ ಅಂತ ಹುಡುಕತೀನಿ.

ಹನ್ನೊಂದು ಸಲ ಖಂಡೇ ಪೂಜಿ ಮಾಡೀನಿ ಇದಕ್ಕ.
ವಿಭೂತಿ ಬಳದೀನಿ, ಚೆಂಡಹೂವು ಏರಿಸೀನಿ.
ಒಂದು ವರ್ಷ ಟೆಂಗಿನಕಾಯಿ ನೀರು ಸ್ವಿಚ್ಚಿನಾಗ ಇಳಿದು
ದಸ್ತಗೀರನ್ನ ಕರೆಸಿ ಮುನ್ನೂರು ಕೊಟ್ಟೀನಿ.
ಅವಾಗs ಹೇಳಿದ್ದ ಅಂವ:
"ಕಾಕಾ, ಇದಕ್ಕ ಕಾಯಿ ಬ್ಯಾಡ.
ತಿಂಗಳಿಗೊಮ್ಮೆ ಬುಡಕ ಕೈ ಹಾಕ್ರಿ."
ಬುಡಕ ಕೈ ಹಾಕೂದು ಅಕಿ ಕೆಲಸ, ನಕ್ಕು ಸುಮ್ಮನಾದೆ.
ಅಕಿ ಮೊಣಕಾಲು ಬಗ್ಗೂದು ಬಿಟ್ಟು ಮೂರು ವರ್ಷಾಗಿತ್ತು.
ಅದು ನನ್ನ ಲೆಕ್ಕಕ್ಕ ಬಂದಿರಲಿಲ್ಲ.

ನಮ್ಮ ಓಣಿಯ ಬೋರಿನ ನೀರು ಸವಳು.
ಕೊಡದ ತಳಕ್ಕ ಸುಣ್ಣ, ನಳದ ಬಾಯಿಗೆ ಸುಣ್ಣ,
ಡ್ರಮ್ಮಿನ ಒಳಗೆಲ್ಲ ಹಲ್ಲಿನ ಗಾರೆಯಂಥ ಸುಣ್ಣ.
ಇಂಡಿ ಲಿಂಬಿಕಾಯಿ ಇಪ್ಪತ್ತು ಹಿಂಡಿ
ಬಿಸಿನೀರಿನಾಗ, ಬರೇ ಹೊಟ್ಟಿಲೆ ತಿರುಗಿಸಬೇಕಂತ.
ಹಿಂಡೂದೂ ನನಗs ಬಂತು.
ಉಗುರಸಂದಿ ಉರದು "ಹಾ" ಅಂದೆ.
"ಹೂಂ, ಉರೀತದ" ಅಂದಳು.
ಅಷ್ಟs.

ಎಮ್ಮಿಯ ತುಟಿ ಮಗಚಿದಂಗ
ರಬ್ಬರಿನ ಮಡಿಕೆ ಮಗಚಿ ಒರಸಿದೆ.
ಕರಿ ಲೋಳಿ, ಉಸುಕು, ಹೋದ ವರ್ಷದ ಹೋಳಿಯ
ಒಂದೀಟು ಗುಲಾಬಿ ಬಣ್ಣ.

ಕಡೀಕ ಬುಡದ ಸಣ್ಣ ಬಾಗಿಲು ಸಿಕ್ಕಿತು.
ಬಿರಡಿ ತಿರುವಿದೆ. ಸೊರ್ ಅಂತ ಹಳೇ ನೀರು
ಪರಾತ ತುಂಬಿ, ನನ್ನ ಧೋತರ ತೊಯ್ಸಿ, ಮೋರಿಗೆ ಹೋತು.
ಇನ್ನ ನನ್ನವು ಬೀಳತಾವ ಅಂತ ಕಾದೆ,
ಚಿಲ್ಲರ, ಟಿಕೀಟು, ಅಡಿಕಿ ಚೂರು.

ಬಿದ್ದದ್ದು:
ಕುಬಸದ ಹುಕ್ಕು ಒಂಬತ್ತು,
ತುಕ್ಕು ಹಿಡಿದ ಪಿನ್ನು,
ಹಸಿರು ಬಳಿಯ ಚೂರು,
ಬಿಳಿಗೂದಲಿನ ಒಂದು ಉಂಡಿ.
ನಂದು ಅನ್ನೂದು ಒಂದೂ ಇಲ್ಲ.

"ನನ್ನವು?" ಅಂದೆ.
ಅಕಿ ಎದ್ದು ಒಳಗ ಹೋಗಿ
ಎಡಗೈಲೆ ಒಂದು ಬಿಸ್ಕೀಟಿನ ಡಬ್ಬಿ ತಂದು ನನ್ನ ಮುಂದ ಸುರುವಿದಳು.
ನಾಕಾಣೆ, ಎಂಟಾಣೆ, ಬಂದಾದ ಕಾಸೆಲ್ಲ.
ಎರಡೂವರೆ ರೂಪಾಯಿಯ ಟಿಕೀಟಿನ ತುಂಡು.
ಸೀಟಿಯೊಳಗಿನ ಗುಂಡು.
ಬಿಟ್ಟೀನಿ ಅಂತ ಆಣಿ ಮಾಡಿದ ಮ್ಯಾಲಿನ
ಮೂರು ಬೀಡಿ.
"ಕಲ್ಲಿನ ಮ್ಯಾಲೆ ಒಗೀತಿದ್ನಲ್ಲ, ಆಗಿನವೂ ಅದಾವ" ಅಂದಳು.

ನನ್ನ ಖಾಕಿಗೆ ಆರು ಕಿಸೆ.
ದಿನಾ ಆರಕ್ಕೂ ಕೈ ಹಾಕಿ, ತಿರುವಿ, ಝಾಡಿಸಿ, ಆಮ್ಯಾಲೆ ನೀರಿಗೆ.
ಅಕಿ ಸೀರಿಗೆ ಕಿಸೆ ಎಲ್ಲಿಂದು,
ಸೆರಗಿನ ತುದಿಗೆ ಒಂದು ಗಂಟು.

ಎಲ್ಲ ಹಾಕಿ ಮುಚ್ಚಿ, ಬಿರಡಿ ಬಿಗಿದು,
ಮೊದಲಿನ ಗಾಣಕ್ಕ ಅಕಿಯ ಹಸಿರು ಸೀರಿ ಎತ್ತಿಕೊಂಡೆ.
ಗಂಟು ಹಸೀದಿತ್ತು. ಹಲ್ಲಿಲೆ ಬಿಚ್ಚಿದೆ.
ಎರಡು ಲವಂಗ.
"ಇವನ್ನ ಡಬ್ಬಿಗೆ ಹಾಕಲೇನು?"
"ಅವು ಡಬ್ಬಿಗಲ್ಲ. ಹಲ್ಲಿಗೆ."

ಯಾವ ಹಲ್ಲು, ಎಂದಿನಿಂದ,
ನಾ ಕೇಳೂದರೊಳಗ
ಅಕಿ ಎಡಗೈ ಚಾಚಿ ಗುಂಡಿ ಒತ್ತಿಬಿಟ್ಟಿದ್ದಳು.
ನೀರು ತುಂಬೂ ಸಪ್ಪಳ.
ಗಾಜಿನಾಚೆ ಹಸಿರು ಸೀರಿ ಒಮ್ಮೆ ಮ್ಯಾಲೆ ಬಂದು
ಹೊಳ್ಳಿ ಕೆಳಗ ಹೋತು.
ಲವಂಗ ನನ್ನ ಒದ್ದಿ ಅಂಗೈಯಾಗs ಇದ್ದವು.