ಪೂರ್ತಿ ಕಪ್ಪು

ರಾಬರ್ಟ್‌ಸನ್‌ಪೇಟೆಯ ಅಂಗಡಿಯ ಹುಡುಗ
ಬಾಗಿಲೆಳೆದು ದೀಪ ಆರಿಸಿದ.
"ನೋಡಿ ಸಾರ್, ಅರವತ್ತೈದಿಂಚು.
ಇದರ ಕಪ್ಪು ಅಂದ್ರೆ ಪೂರ್ತಿ ಕಪ್ಪು."

ಮಾವ ಮುಖದೆದುರು ಅಂಗೈ ಹಿಡಿದರು.
"ಬೆರಳು ಕಾಣ್ತಾ ಇದೆಯಲ್ಲಪ್ಪ."

ಚಾಂಪಿಯನ್ ರೀಫಿನ ತಳದಲ್ಲಿ ಇಪ್ಪತ್ತಾರು ವರ್ಷ
ಡ್ರಿಲ್ಲು ಹಿಡಿದವರು ಸವರಿಮುತ್ತು ಮಾವ.
ತಲೆದೀಪ ಕೆಟ್ಟರೆ ಅಲ್ಲಿ ಕೈಯೂ ಇಲ್ಲ, ಕಣ್ಣೂ ಇಲ್ಲ;
ಕಲ್ಲು ಯಾವ ಕಡೆ ಚಟಕ್ಕೆಂದಿತು
ಅಷ್ಟೇ ಲೋಕ.

ಹುಡುಗ ನಕ್ಕು ಸದ್ದು ಏರಿಸಿದ.
ಪರದೆಯಲ್ಲೊಂದು ಹೆಲಿಕಾಪ್ಟರು, ನಮ್ಮ ಸುತ್ತ ಐದು ಸ್ಪೀಕರು.
ನಾನು ಕಂತಿನ ಲೆಕ್ಕದಲ್ಲಿದ್ದೆ.
ಮಾವ ಕಣ್ಣು ಮುಚ್ಚಿ ಕೂತಿದ್ದರು.
"ಹಿಂದೆ, ಎಡಗಡೇದು, ಸತ್ತಿದೆ" ಅಂದರು.

ಹುಡುಗ ಬಗ್ಗಿ ನೋಡಿದ. ವೈರು ಕಳಚಿತ್ತು.

ನಮ್ಮ ಲೈನುಮನೆಯ ಗೋಡೆಯಿಂದ ಗೋಡೆಗೆ
ಒಂಬತ್ತಡಿ ಎರಡಿಂಚು, ಟೇಪು ಹಿಡಿದು ಅಳೆದದ್ದು.
ಟೀವಿ ನಲವತ್ತಮೂರೇ ಸಾಕು ಅಂದೆ.
ಸ್ಪೀಕರು ಮಾತ್ರ ಐದೂ ಬೇಕು ಅಂದರು ಮಾವ.

ಬಿಲ್ಲು ಹರಿಯುತ್ತ ಹುಡುಗ ಕೇಳಿದ:
"ಗೋಡೆಗೆ ನಾಲ್ಕು ತೂತು ಕೊರೀಬೇಕು,
ಆಳು ಕಳಿಸ್ಲಾ?"

ಮಾವ ನನ್ನ ಕಡೆ ತಿರುಗಿದರು,
ಹೇಳಮ್ಮ ಅವನಿಗೆ, ಅನ್ನುವ ಹಾಗೆ.