ಇಳಿದ ಲೆಕ್ಕ

ದುರ್ಗಿಗುಡಿಯ ಬೇಕರಿಯ ಮೇಲಿನ ಮಹಡಿ,
ಬಾಗಿಲ ಹೊರಗೆ ನಮ್ಮ ಬೆಂಚು.
ಮಂಗಳವಾರ, ಶುಕ್ರವಾರ, ಮೂರೂವರೆಗೆ
ನಾವು ಮೂವರು ಅಮ್ಮಂದಿರು
ಒಬ್ಬರ ಮಕ್ಕಳನ್ನೊಬ್ಬರು ತೂಗುತ್ತ ಕೂರುತ್ತೇವೆ,
ಸಂತೆಯಲ್ಲಿ ಬೇರೆಯವರ ಚೀಲಕ್ಕೆ ಇಣುಕಿದ ಹಾಗೆ.

"ನಿಮ್ಮ ಚಾರ್ವಿ ನಗ್ತಾಳೆ, ಮಾತಾಡ್ತಾಳೆ,
ಪುಣ್ಯ ಮಾಡಿದ್ರಿ" ಅಂದೆ ಒಮ್ಮೆ.
ಸುಲೋಚನಾ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೇಳಿದಳು:
"ಯಾರ ಹತ್ರ ನಗಬಾರದು ಅನ್ನೋದೇ ಗೊತ್ತಿಲ್ಲ ಕಣ್ರೀ.
ಗ್ಯಾಸಿನವನು ಬಂದ್ರೆ ಅವನ ಕೈ ಹಿಡ್ಕೊಂಡು
ಗೇಟು ದಾಟಿಬಿಡ್ತಾಳೆ.
ಎಂಟು ವರ್ಷ. ಊರೆಲ್ಲ ಅವಳಿಗೆ ಮಾವ."

ನನ್ನ ಪ್ರಣೀತನಿಗೆ ಸ್ವಂತ ಮಾವನೂ
ಗೋಡೆಗೆ ಒರಗಿಸಿಟ್ಟ ಏಣಿ.

"ನಮ್ಮ ರಯಾನ್‌ಗೆ ಐದು ನಿಮಿಷಕ್ಕೊಬ್ಬ ಗೆಳೆಯ,
ಆರನೇ ನಿಮಿಷಕ್ಕೆ ಜಗಳ" ಎಂದು ಶಾಹೀನಾ ನಕ್ಕಳು.
ನಗೆಗೂ ಸುಸ್ತಾಗಿತ್ತು.

ಒಳಗೊಂದು ಫಾರಂ ಇದೆ:
ಎದುರಿನವರ ಕಣ್ಣು ನೋಡುತ್ತದೆಯೇ ಮಗು,
ಅಪರಿಚಿತರಿಗೆ ಅಂಜುತ್ತದೆಯೇ,
ತನ್ನ ಸರದಿಗೆ ಕಾಯುತ್ತದೆಯೇ.
ನನ್ನವನು ಮೊದಲನೆಯದರಲ್ಲಿ ನಪಾಸು,
ಚಾರ್ವಿ ಎರಡನೆಯದರಲ್ಲಿ,
ರಯಾನ್ ಮೂರನೆಯ ಪ್ರಶ್ನೆ ಮುಗಿಯುವವರೆಗೂ ಕೂರಲಿಲ್ಲ.
ಮೂವರನ್ನೂ ಕೂಡಿಸಿ ಭಾಗಿಸಿದರೆ
ಫಾರಮ್ಮಿಗೆ ಬೇಕಾದ ಮಗು ಸಿಕ್ಕೀತು
ಎಂದುಕೊಂಡೆ ಒಂದು ದಿನ.
ಮನೆಗೆ ಹೋಗುವ ಆಟೋದಲ್ಲಿ ನಾಚಿಕೆಯಾಯಿತು.

ಕಳೆದ ಶುಕ್ರವಾರ ಚಾರ್ವಿ ಇಲ್ಲ.
ಬಚ್ಚಲಲ್ಲಿಲ್ಲ, ಬಾಗಿಲ ಹಿಂದಿಲ್ಲ.
ಸುಲೋಚನಾ ಕೂಗಲು ಬಾಯಿ ತೆರೆದಳು,
ದನಿ ಹೊರಡಲಿಲ್ಲ.
ಆಗ ಪ್ರಣೀತ, ನೆಲದ ಮೊಸಾಯಿಕ್ಕಿನಿಂದ ತಲೆ ಎತ್ತದೆ,
"ಹದಿನಾಲ್ಕು ಇಳಿದಳು" ಎಂದ.
"ಹತ್ತಲಿಲ್ಲ."
ಮತ್ತೆ, ತುಸು ಸಿಟ್ಟಿನಲ್ಲಿ,
"ಹತ್ತಲಿಲ್ಲ."

ರಯಾನ್ ಅಷ್ಟರಲ್ಲೇ ಓಡಿದ್ದ,
ಮೆಟ್ಟಿಲು ಎರಡೆರಡು ಹಾರಿ.

ಸಿಕ್ಕಳು. ಬೇಕರಿಯ ಒಲೆಯ ಮುಂದೆ,
ಬನ್ನು ಬೇಯಿಸುವ ಹಾಲೇಶಪ್ಪನಿಗೆ
ಅಮ್ಮನ ಹಲ್ಲುನೋವಿನ ಕಥೆ ಹೇಳುತ್ತ.
ಅವನು ಹಿಟ್ಟಿನ ಕೈ ಹಾಗೇ ಹಿಡಿದು ಕೇಳುತ್ತಿದ್ದ,
ಬೆಳಗಿನಿಂದ ಅವನನ್ನು ಯಾರೂ ಮಾತಾಡಿಸಿರಲಿಲ್ಲವಂತೆ.
ಸುಲೋಚನಾ ಮಗಳಿಗೆ ಹೊಡೆದಳು, ಅಪ್ಪಿಕೊಂಡಳು,
ಯಾವುದು ಮೊದಲೋ ನೆನಪಿಲ್ಲ.

ಅವಳು ಮೇಲೆ ಬರುವಾಗ
ಪ್ರಣೀತ ತುಟಿಯಲ್ಲೇ ಎಣಿಸಿದ.
ಹದಿನಾಲ್ಕಕ್ಕೆ ಅವನ ಹೆಗಲು ಸಡಿಲಾಯಿತು.
ಅದು ಕಾಳಜಿಯೋ, ಬರೀ ಲೆಕ್ಕವೋ,
ನನಗೆ ಗೊತ್ತಿಲ್ಲ.
ಅವನಿಗೆ ಜ್ವರ ಬಂದ ರಾತ್ರಿಗಳಲ್ಲಿ
ನಾನೂ ಅವನ ಉಸಿರು ಎಣಿಸಿದ್ದೇನೆ,
ನನ್ನನ್ನು ಯಾರೂ ಹಾಗೆ ಕೇಳಲಿಲ್ಲ.

ಹಾಲೇಶಪ್ಪ ಮೂರು ಬನ್ನು ಕಳಿಸಿದ.
ಶಾಹೀನಾ ಕಾಗದ ಬಿಚ್ಚುವಷ್ಟರಲ್ಲಿ
ಉಳಿದದ್ದು ಎರಡು.